ತಂದೆಯ ಗೆರೆ, ತಾಯಿಯ ದಾರಿ

ಅಜ್ಜ ಬರೆಸಿಟ್ಟ ವಂಶಾವಳಿಯೊಂದು ನಮ್ಮ ಮನೆಯಲ್ಲಿದೆ. ಏಳು ತಲೆಮಾರಿನ ಗಂಡಸರೆಲ್ಲ ಅದರಲ್ಲಿದ್ದಾರೆ. ಹೆಂಗಸರ ಹೆಸರು ಒಂದೂ ಇಲ್ಲ. ಸ್ವಾತ್ ಕಣಿವೆಯ ಗೋರಿಗಳ ಬಗ್ಗೆ ಓದಿದಂದಿನಿಂದ ಆ ಹಾಳೆಯನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ.

ಸ್ವಾತ್ ಇರುವುದು ಪಾಕಿಸ್ತಾನದ ವಾಯವ್ಯದಲ್ಲಿ. ಋಗ್ವೇದದ ಸುವಾಸ್ತು ನದಿ ಇದೇ ಎನ್ನುತ್ತಾರೆ ವಿದ್ವಾಂಸರು. ಅಲ್ಲಿನ ಉದೇಗ್ರಾಮ್, ಕಾತೆಲೈ ಮೊದಲಾದೆಡೆ ಮೂರು ಸಾವಿರ ವರ್ಷ ಹಿಂದಿನ ಗೋರಿಗಳು ಸಿಕ್ಕಿವೆ. ಅವುಗಳಲ್ಲಿದ್ದ ಎಲುಬುಗಳ ಡಿ.ಎನ್.ಎ. ಫಲಿತಾಂಶವನ್ನು ವಾಗೀಶ್ ನರಸಿಂಹನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದರು.

ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ದಾಟುವಂಥದು. ಅದರಲ್ಲಿ ಎಂದೋ ಆದ ಸಣ್ಣ ಬದಲಾವಣೆ ಮುಂದಿನ ಗಂಡು ಸಂತತಿಗೆಲ್ಲ ಗುರುತಾಗಿ ಉಳಿಯುತ್ತದೆ. 'ಆರ್1ಎ-ಝಡ್93' ಅಂಥದೊಂದು ಗುರುತು. ಮಧ್ಯ ಏಷ್ಯಾದ ಹುಲ್ಲುಗಾವಲಿನ ಕಂಚಿನ ಯುಗದ ಪಶುಪಾಲಕರಲ್ಲಿ ಅದು ಬಹುವ್ಯಾಪಕ. ಸಂಸ್ಕೃತ, ಅವೆಸ್ತಾ ಭಾಷೆಗಳ ಮೂಲವಾದ ಇಂಡೋ-ಇರಾನಿಯನ್ ನುಡಿ ಇವರೊಂದಿಗೆ ದಕ್ಷಿಣಕ್ಕೆ ಇಳಿಯಿತೆಂಬುದು ಬಹುಮಂದಿ ವಿದ್ವಾಂಸರ ಮತ.

ಹಾಗಾದರೆ ಸ್ವಾತ್‌ನಲ್ಲಿ ಈ ಗುರುತು ತುಂಬಿರಬೇಕಲ್ಲವೆ? ಪರೀಕ್ಷಿಸಿದ 44 ಗಂಡಸರಲ್ಲಿ ಅದು ಕಂಡದ್ದು ಶೇಕಡಾ 5ರಷ್ಟು ಮಾತ್ರ. ಆದರೆ ಉಳಿದ ವರ್ಣತಂತುಗಳಲ್ಲಿ ಹುಲ್ಲುಗಾವಲಿನವರ ಪಾಲು ಸುಮಾರು ಶೇಕಡಾ 20. ಎಂದರೆ ಆ ರಕ್ತ ಅಲ್ಲಿಗೆ ಹೆಚ್ಚಾಗಿ ಹೆಂಗಸರ ಮೂಲಕ ಬಂದಿತ್ತು. ಇಂದಿನ ಭಾರತದ ಹಲವು ಸಮುದಾಯಗಳಲ್ಲಿ ಇದಕ್ಕೆ ವಿರುದ್ಧವಾಗಿ ಗಂಡಸರ ಪಾಲೇ ಹೆಚ್ಚು. ಒಂದೇ ವಲಸೆಯ ಕತೆ ಊರಿನಿಂದ ಊರಿಗೆ ಬೇರೆಯಾಗುತ್ತದೆ. ಗಂಡುಗೆರೆಯನ್ನಷ್ಟೇ ನೋಡಿದವನು ಸ್ವಾತ್‌ಗೆ ಬಹುಮಟ್ಟಿಗೆ ಯಾರೂ ಬರಲೇ ಇಲ್ಲವೆಂದು ತಪ್ಪು ತಿಳಿಯುತ್ತಿದ್ದ.

ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮಗೆ 1024 ಪೂರ್ವಜರ ಸ್ಥಾನಗಳು. ತಂದೆಯ ಗೆರೆ ಮುಟ್ಟುವುದು ಅವುಗಳಲ್ಲಿ ಒಂದನ್ನು. ಅಳಿಯಸಂತಾನದ ನಮ್ಮ ನೆರೆಯವರು ಬಳಿಯನ್ನು ತಾಯಿಯಿಂದ ಎಣಿಸುತ್ತಾರೆ. ಅದೂ ಇನ್ನೊಂದೇ ಗೆರೆ. ಇನ್ನು, ಯಾವ ಎಲುಬೂ ತಾನು ಆಡಿದ ಭಾಷೆಯನ್ನು ಹೇಳದು.

1956ರಲ್ಲಿ ಗಡಿ ಬಿದ್ದ ಮೇಲೆ "ನೀವು ಮೂಲತಃ ಎಲ್ಲಿಯವರು?" ಎಂಬ ಪ್ರಶ್ನೆ ಕಾಸರಗೋಡಿನ ನಮಗೆ ಹೊಸತಲ್ಲ. ಉತ್ತರಕ್ಕಾಗಿ ನಾನೂ ಅಜ್ಜನ ಹಾಳೆಯನ್ನೇ ತೋರಿಸುತ್ತಿದ್ದೆ. ನಮ್ಮ ಮುತ್ತಜ್ಜಿ ಮಲೆಯಾಳ ಮಾತಿನ ಮನೆಯಿಂದ ಬಂದವರು. ನಮ್ಮ ಅಜ್ಜನಿಗೆ ಕನ್ನಡ ಅಕ್ಷರ ತಿದ್ದಿಸಿದವರೂ ಅವರೇ. ಕಳೆದ ತಿಂಗಳು ಆ ಹಾಳೆಯಲ್ಲಿ ಮುತ್ತಜ್ಜನ ಪಕ್ಕ ಅವರ ಹೆಸರನ್ನು ಬರೆದೆ. ಉಳಿದ ಹೆಸರುಗಳನ್ನು ಕೇಳಿ ತಿಳಿಯಲು ಮನೆಯ ಹಿರಿಯ ಹೆಂಗಸರ ಬಳಿ ಕುಳಿತಿದ್ದೇನೆ.