ತುಕ್ಕು: ಪದದ ಮನೆ, ಕಬ್ಬಿಣದ ಮರ್ಯಾದೆ

ಬೆಟ್ಟದಪುರದ ಸುತ್ತಮುತ್ತ ತಂಬಾಕು ಹದ ಮಾಡುವ ಬ್ಯಾರನ್‌ಗಳಲ್ಲಿ ಬಿಸಿ ಹಾಯಿಸುವ ತಗಡಿನ ಕೊಳವೆಗಳಿರುತ್ತವೆ. ಮಳೆಗಾಲ ಕಳೆದು ನೋಡಿದರೆ ‘ತುಕ್ಕು ಹಿಡ್ದ್‌ಬುಟ್ಟದೆ’ ಅನ್ನುತ್ತಾರೆ. ಜ್ವರ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ. ಆ ಸಾಲಿನಲ್ಲೇ ತುಕ್ಕೂ ಹಿಡಿಯುತ್ತದೆ. ಎಲ್ಲಿಂದಲೋ ಬಂದು ಅಂಟಿಕೊಂಡ ಕೇಡು ಎಂಬ ಭಾವನೆ ಆ ಕ್ರಿಯಾಪದದಲ್ಲೇ ಕೂತಿದೆ.

ಪದ ಸಂಸ್ಕೃತದ್ದಲ್ಲ, ನಮ್ಮದೇ. ತುಳುವಿನಲ್ಲೂ ತುಕ್ಕು, ತೆಲುಗಿನಲ್ಲಿ ತುಪ್ಪು ಅಥವಾ ತ್ರುಪ್ಪು, ತಮಿಳಿನಲ್ಲಿ ತುರು, ಮಲಯಾಳದಲ್ಲಿ ತುರುಂಬು.  ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಘಂಟು (1961, ಪರಿಷ್ಕರಣೆ 1984) ಇವನ್ನೆಲ್ಲ ಒಂದೇ ಮನೆಯಲ್ಲಿ ಕೂರಿಸುತ್ತದೆ. ಆದರೆ ಈ ಮನೆಯೂ ನಿರ್ಮಲವೇನಲ್ಲ: ತಮಿಳಿನ ತುರುವಿಗೆ ಕುಂದು, ದೋಷ ಎಂಬ ಅರ್ಥವೂ ಉಂಟು.

ತಾಮ್ರ, ಹಿತ್ತಾಳೆಗೆ ಹಿಡಿಯುವುದು ಕಿಲುಬು. ತಮಿಳಿನಲ್ಲಿ ಅದು ಕಳಿಂಬು. ತಮಿಳು ಶೈವಸಿದ್ಧಾಂತಿಗಳು ಆತ್ಮಕ್ಕಂಟಿದ ಮಲವನ್ನು ತಾಮ್ರದ ಕಿಲುಬಿಗೆ ಹೋಲಿಸಿದರು: ಮೊದಲಿನಿಂದಲೂ ಒಳಗೇ ಇರುವಂಥದ್ದು ಎಂದು. ಹುಟ್ಟಿನಿಂದಲೇ ಮೈಲಿಗೆ! ಎಲ್ಲೋ ಕೇಳಿದ ಮಾತು, ಅಲ್ವೆ? ನಿಜ, ಅವರು ಅದನ್ನು ಎಲ್ಲ ಆತ್ಮಗಳಿಗೂ ಹೇಳಿದ್ದರು.

ಲೆಕ್ಕವನ್ನು ಜಾತಿಗೆ ಇಳಿಸಿದ್ದು ಮನುಸ್ಮೃತಿ. ಅದರ ಐದನೆಯ ಅಧ್ಯಾಯದಲ್ಲಿ ತಾಮ್ರ, ಕಬ್ಬಿಣ, ಕಂಚು, ಸೀಸಗಳನ್ನು ಕ್ಷಾರ, ಹುಳಿ, ನೀರಿನಿಂದ ಶುದ್ಧಿ ಮಾಡಬಹುದು. ಹತ್ತನೆಯ ಅಧ್ಯಾಯಕ್ಕೆ ಬಂದರೆ ಚಂಡಾಲರಿಗೆ ಊಟಕ್ಕೆ ಒಡೆದ ಪಾತ್ರೆ, ತೊಡಲು ಕಬ್ಬಿಣದ ಒಡವೆ. ಪಾತ್ರೆಗೆ ಹುಣಸೆಹಣ್ಣು, ಬೂದಿ ಸಾಕು. ಮನುಷ್ಯನಿಗೆ ಯಾವ ಹುಳಿಯೂ ಸಾಲದು! ತುಕ್ಕು ಹಿಡಿಯುವ ಲೋಹವನ್ನೇ ಆರಿಸಿ ಮೈಮೇಲೆ ಹೇರಿದ ಈ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅಂಬೇಡ್ಕರ್ ಮತ್ತು ಸಂಗಾತಿಗಳು ಸುಟ್ಟರು.

ರಸಾಯನಶಾಸ್ತ್ರ ಹೇಳುವುದೇ ಬೇರೆ. ತುಕ್ಕು ಹೊರಗಿನ ಕೊಳೆಯಲ್ಲ, ಹುಟ್ಟುದೋಷವೂ ಅಲ್ಲ. ನೀರು ಮತ್ತು ಗಾಳಿಯಲ್ಲಿನ ಆಮ್ಲಜನಕ ಎರಡೂ ಸೇರಿದಾಗ ಕಬ್ಬಿಣವೇ ಆಕ್ಸೈಡ್ ಆಗುತ್ತದೆ. ಒಂದು ತಪ್ಪಿದರೂ ಆಗದು. ಅದಿರೂ ಬಹುಮಟ್ಟಿಗೆ ಆಕ್ಸೈಡೇ. ಕುಲುಮೆಯಲ್ಲಿ ಬಿಡಿಸಿದ ಕಬ್ಬಿಣ ತನ್ನ ಮಣ್ಣಿಗೆ ವಾಪಸು ಹೊರಟಿದೆ ಅಷ್ಟೆ.

‘ತುಕ್ಕು ಹಿಡಿದ ಜಾತಿವ್ಯವಸ್ಥೆ’ ಎಂದು ನಾವೂ ಭಾಷಣ ಬಿಗಿಯುತ್ತೇವೆ. ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ದಿನಾ ಎಣ್ಣೆ ಬೀಳುತ್ತಿದೆ, ಚೆನ್ನಾಗಿಯೇ ತಿರುಗುತ್ತಿದೆ. ತುಕ್ಕು ಹಿಡಿಯುವುದು ಬಯಲಲ್ಲಿ ಮಳೆಗೆ ನೆಂದ ಗುದ್ದಲಿಗೆ, ಹಾರೆಗೆ.

ವಚನಗಳಲ್ಲಿ ಪರುಷ ಮುಟ್ಟಿ ಕಬ್ಬಿಣ ಹೊನ್ನಾಗುವ ಉಪಮೆ ಮತ್ತೆ ಮತ್ತೆ ಬರುತ್ತದೆ. ಅಲ್ಲಿನ ಕರುಣೆ ದೊಡ್ಡದು. ಆದರೂ ಕಬ್ಬಿಣ ಕಬ್ಬಿಣವಾಗಿಯೇ ಉಳಿದರೆ ಏನು ಕಡಿಮೆ? ಹಳಗನ್ನಡದಲ್ಲಿ ಅದು ಕರ್ಬೊನ್: ಕರಿ, ಪೊನ್. ಕರಿಯ ಹೊನ್ನು. ಹೆಸರಿಟ್ಟವರಿಗೆ ಪರುಷ ಬೇಕಾಗಿರಲಿಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದಾಗ ಸಿಕ್ಕ ಕಬ್ಬಿಣದ ಕಾಲ ಸುಮಾರು ಕ್ರಿ.ಪೂ. 1000 ಎಂದು ತಿಳಿಯಿತು. ಮನುಸ್ಮೃತಿ ಆಗಿನ್ನೂ ಹುಟ್ಟಿರಲಿಲ್ಲ.