ಮಂಗನಕಾಯಿಲೆಯ ಭೂಪಟ

ಮಂಗನಕಾಯಿಲೆಯ ಭೂಪಟವೆಂದರೆ ಮೊದಲಿಗೆ ಸತ್ತ ಮಂಗಗಳ ಭೂಪಟ. ಕಾಡಿನಲ್ಲಿ ಮಂಗ ಬಿದ್ದ ಜಾಗವನ್ನು ಗುರುತು ಹಾಕಿ, ಅದರ ಸುತ್ತಲ ಊರುಗಳನ್ನು ಕಾಯುವ ಕ್ರಮ ಮಲೆನಾಡಿನಲ್ಲಿ ಹಲವು ದಶಕಗಳಿಂದ ಬೆಳೆದುಬಂದಿದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನ ವಿಪರೀತ ಜ್ವರ, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿತು. ಆ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮತ್ತು ಸಂಗಡಿಗರಿಗೆ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಕಾಡಿನ ಹೆಸರೇ ರೋಗದ ವೈಜ್ಞಾನಿಕ ಹೆಸರಾಯಿತು; ಜನರ ಬಾಯಲ್ಲಿ ಅದು ಮಂಗನಕಾಯಿಲೆ.

ಭೂಪಟಕ್ಕೆ ಅರ್ಥ ಬಂದದ್ದು ವಿಜ್ಞಾನಿ ಹೋರ್ಹೆ ಬೋಷೆಲ್ ಅವರ ಕೆಲಸದಿಂದ. ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೇಲಿನ ಉಣುಗುಗಳು ಉದುರಿ ಅಲ್ಲೇ ನೆಲಕ್ಕೆ ಸೇರುತ್ತವೆ. ದರಕು ಗುಡಿಸಲು, ಸೊಪ್ಪು ತರಲು, ದನ ಮೇಯಿಸಲು ಹೋದವರಿಗೆ ಆ ಜಾಗವೇ ಅಪಾಯ. ಹಾಗಾಗಿ ಸತ್ತ ಮಂಗದ ಸುತ್ತ ಸುಮಾರು 50 ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಎರಚುವುದು, 5 ಕಿಲೋಮೀಟರ್ ಒಳಗಿನ ಊರುಗಳಿಗೆ ಲಸಿಕೆ ಹಾಕುವುದು ರೂಢಿಗೆ ಬಂತು. ಆ ಲಸಿಕೆಯ ಶಕ್ತಿ ಕುಂದಿದ್ದರಿಂದ 2022ರಲ್ಲಿ ಅದರ ಬಳಕೆ ನಿಂತಿತು.

ಮೊದಲ ಹದಿನೈದು ವರ್ಷ ಗುರುತುಗಳೆಲ್ಲ ಸಾಗರ, ಸೊರಬ, ಶಿಕಾರಿಪುರದ ಎಲ್ಲೆಯಲ್ಲೇ ಇದ್ದವು. 1970ರ ದಶಕದಲ್ಲಿ ಉತ್ತರ ಕನ್ನಡಕ್ಕೆ ದಾಟಿದವು. 1982-83ರಲ್ಲಿ ಬೆಳ್ತಂಗಡಿ ಸೀಮೆಯಲ್ಲಿ ರೋಗ ಕಾಣಿಸಿಕೊಂಡಿತು. ಆ ಹಂಗಾಮಿನಲ್ಲಿ 1,555 ಜನ ಕಾಯಿಲೆ ಬಿದ್ದು 150 ಮಂದಿ ಸತ್ತರು. ಗೇರು ತೋಟಕ್ಕಾಗಿ ಅಲ್ಲಿನ ಕಾಡು ಕಡಿದದ್ದನ್ನು ಆಗಲೇ ಬೊಟ್ಟು ಮಾಡಲಾಗಿತ್ತು. 2012ರಲ್ಲಿ ಬಂಡೀಪುರ, ಮರುವರ್ಷ ವಯನಾಡು, ಆಮೇಲೆ ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ: ಪಶ್ಚಿಮ ಘಟ್ಟದ ಉದ್ದಕ್ಕೂ ಚುಕ್ಕಿಗಳು ಬಿದ್ದವು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ನರಳಿತು. ರೋಗ ಹುಟ್ಟಿದ ಸೀಮೆಯಲ್ಲೇ, ಅರವತ್ತು ವರ್ಷಗಳ ಅನುಭವದ ನಂತರ ಹಾಗಾದದ್ದು ನೋವಿನ ಸಂಗತಿ.

ಸತ್ತ ಮಂಗವನ್ನು ಕಾದು ಕೂರುವ ಭೂಪಟ ಯಾವಾಗಲೂ ರೋಗದ ಹಿಂದೆಯೇ ಓಡುತ್ತದೆ; ದಟ್ಟ ಕಾಡಿನಲ್ಲಿ ಬಿದ್ದ ಮಂಗ ಯಾರ ಕಣ್ಣಿಗೂ ಬೀಳದಿರಬಹುದು. ಈ ಕೊರತೆ ನೀಗಲು ಬೆಂಗಳೂರಿನ ಅಶೋಕ ಟ್ರಸ್ಟ್ (ಏಟ್ರೀ) ಸೇರಿದಂತೆ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರ ಜೊತೆ ಕೂತು ಮುನ್ಸೂಚನೆಯ ಭೂಪಟ ಸಿದ್ಧಪಡಿಸಿ 2020ರಲ್ಲಿ ಪ್ರಕಟಿಸಿದರು. ನಿತ್ಯಹಸಿರು ಕಾಡು, ತೋಟ, ಗದ್ದೆ ಒಂದರೊಳಗೊಂದು ಹೆಣೆದುಕೊಂಡ, ದನಕರು ಹೆಚ್ಚಿರುವ ಕಡೆ ಅಪಾಯ ಹೆಚ್ಚು ಎಂದು ಅದು ತೋರಿಸಿತು. ಹಾಗೆ ನೋಡಿದರೆ ಮಲೆನಾಡಿನವರ ಮನೆಯಂಗಳವೇ ಅದು.

ಉಪಗ್ರಹದ ಚಿತ್ರಗಳು ಬಂದರೂ ಈ ಭೂಪಟದ ಮೊದಲ ಚುಕ್ಕಿಯನ್ನು ಇಡುವವರು ಊರಿನವರೇ. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿ.