ಬಂಡವಾಳದ ನಾಡಿನಲ್ಲಿ ಸಮಾಜವಾದ: ಮಿಲ್ವಾಕಿ ನಗರದ ನಿದರ್ಶನ

ಅಮೆರಿಕದಲ್ಲಿ ಸಮಾಜವಾದವೇಕೆ ಬೇರೂರಲಿಲ್ಲವೆಂಬ ಪ್ರಶ್ನೆಯನ್ನು ಜರ್ಮನಿಯ ಅರ್ಥಶಾಸ್ತ್ರಜ್ಞ ವರ್ನರ್ ಸೊಂಬಾರ್ಟ್ 1906ರಲ್ಲಿಯೇ ಗ್ರಂಥರೂಪದಲ್ಲಿ ಎತ್ತಿದ್ದನು. ಅಲ್ಲಿನ ಕಾರ್ಮಿಕನಿಗೆ ಯುರೋಪಿನವನಿಗಿಂತ ಹೆಚ್ಚಿನ ಸಂಬಳ, ಮತದಾನದ ಹಕ್ಕು, ಮೇಲೇರುವ ಆಸೆ ಇದ್ದುವೆಂಬುದು ಅವನ ಉತ್ತರದ ತಿರುಳು. ಅದು ಬಹುಮಟ್ಟಿಗೆ ಸರಿ. ಆದರೆ ಅಷ್ಟೇ ಸಾಲದೆಂಬುದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರವನ್ನು ನೋಡಿದಾಗ ನಮಗೆ ತಿಳಿಯುತ್ತದೆ.

ಅಲ್ಲಿಗೆ ವಲಸೆ ಬಂದ ಜರ್ಮನರು ತಮ್ಮ ಭಾಷೆ, ಪತ್ರಿಕೆ, ಸಂಘಗಳನ್ನು ಉಳಿಸಿಕೊಂಡಿದ್ದರು. ಸಮಾಜವಾದದ ಸಸಿ ಬೆಳೆದುದು ಈ ನೆಲದಲ್ಲಿಯೇ. 1910ರಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುವ ಕುಶಲಕರ್ಮಿ ಎಮಿಲ್ ಸೈಡೆಲ್ ಮೇಯರ್ ಆದನು. ಹಿಂದೆ ಶಾಲಾಶಿಕ್ಷಕನಾಗಿದ್ದ ವಿಕ್ಟರ್ ಬರ್ಗರ್ ಅದೇ ವರ್ಷ ರಾಷ್ಟ್ರದ ಪ್ರತಿನಿಧಿಸಭೆಗೆ ಆಯ್ಕೆಯಾದ ಮೊದಲ ಸಮಾಜವಾದಿಯೆನಿಸಿದನು. 1912ರ ಅಧ್ಯಕ್ಷ ಚುನಾವಣೆಯಲ್ಲಿ ಯೂಜೀನ್ ಡೆಬ್ಸ್ ಸುಮಾರು 9 ಲಕ್ಷ ಮತಗಳನ್ನು, ಅಂದರೆ ಶೇಕಡಾ 6ರಷ್ಟನ್ನು, ಗಳಿಸಿದನು.

ಮಹಾಯುದ್ಧ ಈ ಬೆಳವಣಿಗೆಯನ್ನು ಮುರಿಯಿತು. ಯುದ್ಧವಿರೋಧಿ ಭಾಷಣಕ್ಕಾಗಿ ಡೆಬ್ಸ್‌ಗೆ 10 ವರ್ಷಗಳ ಸೆರೆವಾಸ ವಿಧಿಸಲಾಯಿತು. 1918ರಲ್ಲಿ ಬರ್ಗರ್ ಗೆದ್ದರೂ ಸಭೆಯು ಅವನಿಗೆ ಸ್ಥಾನ ಕೊಡಲಿಲ್ಲ. ಮರುಚುನಾವಣೆಯಲ್ಲಿ ಜನ ಅವನನ್ನೇ ಕಳುಹಿಸಿದಾಗಲೂ ಬಾಗಿಲು ಮುಚ್ಚಿತ್ತು. ಜರ್ಮನ್ ನುಡಿಯೇ ಸಂಶಯಕ್ಕೆ ಗುರಿಯಾದ ಕಾಲವದು. ಗಡಿನಾಡಿನಲ್ಲಿ ಬಾಳುವ ನಮಗೆ ಆ ನೋವಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಆದರೂ ಮಿಲ್ವಾಕಿಯಲ್ಲಿ ಡೇನಿಯಲ್ ಹೋನ್ 1916ರಿಂದ 1940ರವರೆಗೆ, ಫ್ರ್ಯಾಂಕ್ ಜೈಡ್ಲರ್ 1948ರಿಂದ 1960ರವರೆಗೆ ಮೇಯರ್ ಆಗಿದ್ದರು. ಒಳಚರಂಡಿ, ಶುದ್ಧ ನೀರು, ಉದ್ಯಾನ, ಲಂಚವಿಲ್ಲದ ಆಡಳಿತ ಇವೇ ಅವರ ಬಂಡವಾಳ. ಸ್ವಪಕ್ಷೀಯರೇ ಇವರನ್ನು 'ಚರಂಡಿ ಸಮಾಜವಾದಿಗಳು' ಎಂದು ಹಂಗಿಸಿದ್ದುಂಟು. ಆ ಹಂಗಿನಲ್ಲಿ ಸತ್ಯಾಂಶವೂ ಇತ್ತು: ನಗರ ಶುಚಿಯಾಯಿತು, ಕಾರ್ಖಾನೆಗಳು ಮಾತ್ರ ಒಡೆಯರ ಕೈಯಲ್ಲಿಯೇ ಉಳಿದವು.

ಬರ್ಗರ್ 1911ರಲ್ಲಿ ವೃದ್ಧಾಪ್ಯ ವೇತನದ ಮಸೂದೆಯನ್ನು ಮಂಡಿಸಿದಾಗ ಅದು ಅಂಗೀಕಾರವಾಗಲಿಲ್ಲ. 1935ರಲ್ಲಿ ರೂಸ್‌ವೆಲ್ಟ್ ಆಡಳಿತ ಸಾಮಾಜಿಕ ಭದ್ರತಾ ಕಾಯಿದೆಯನ್ನು ತಂದಿತು. ಹೀಗೆ ಹೆಸರು ಹೊರಗುಳಿದು ಬೇಡಿಕೆ ಒಳಬಂದಿತು. ಇದು ಸಮಾಜವಾದದ ಗೆಲುವೋ, ಎದುರಾಳಿಯನ್ನು ಅರಗಿಸಿಕೊಂಡ ಬಂಡವಾಳದ ಜಾಣ್ಮೆಯೋ? ಎರಡೂ ಹೌದೆಂದು ನಮಗೆ ತೋರುತ್ತದೆ. ಕಾರ್ಖಾನೆಯ ಒಡೆತನ ಬದಲಾಗದ ನಾಡಿನಲ್ಲಿ ಸಮಾಜವಾದ ನೆಲೆಗೊಂಡಿತೆನ್ನಲಾಗದು. ಮುಪ್ಪಿನಲ್ಲಿ ಕೈಚಾಚದೆ ಬದುಕುವ ಹಕ್ಕು ದೊರೆತ ನಾಡಿನಲ್ಲಿ ಅದು ಸೋತಿತೆನ್ನಲೂ ಆಗದು.